ಬೊಗ್ಗನ ಕಣ್ಣೀರು: ಒಂದು ಪ್ರಕರಣ

ಕಳೆದ ಮಳೆಗಾಲದಲ್ಲಿ ನನ್ನ ಮೊಬೈಲಿಗೆ ಒಂದೇ ವಿಡಿಯೋ ಮೂರು ಕಡೆಯಿಂದ ಬಂತು. ಜಗಲಿಯ ಕೊನೆಯಲ್ಲಿ ಕಂದು ಬಣ್ಣದ ಊರನಾಯಿಯೊಂದು ಮುಂಗಾಲುಗಳ ಮೇಲೆ ಗದ್ದ ಇಟ್ಟು ಗೇಟಿನ ಕಡೆ ನೋಡುತ್ತಾ ಮಲಗಿದೆ. ಎಡಗಣ್ಣಿನಿಂದ ಇಳಿದ ನೀರು ಮೂಗಿನ ಪಕ್ಕದ ರೋಮವನ್ನೆಲ್ಲ ಒದ್ದೆ ಮಾಡಿದೆ. ಕೆಳಗೆ ಯಾರೋ ಬರೆದಿದ್ದರು: "ಅಜ್ಜಿಗಾಗಿ ಅಳುತ್ತಿರುವ ನಾಯಿ." ಮೂರನೆಯ ಸಲ ಅದನ್ನು ಕಳಿಸಿದ್ದು ಆ ಮನೆಯ ಸೊಸೆಯೇ. "ಡಾಕ್ಟ್ರೇ, ಇದು ನಮ್ಮ ಬೊಗ್ಗ. ಅತ್ತೆ ಹೋದ ಮೇಲೆ ಎಂಥದೂ ತಿನ್ನುದಿಲ್ಲ. ಒಮ್ಮೆ ಬಂದು ನೋಡ್ತೀರಾ?"

ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿಗೆ ಹತ್ತಿರ. ಅದಕ್ಕಿಂತ ಹೆಚ್ಚಿನ ಗುರುತು ಬೇಡ. ಈ ನಾಯಿಯ ಮನಸ್ಸನ್ನು ನಾವೆಲ್ಲ ಪ್ರೀತಿಯಿಂದಲೇ ಓದಿದೆವು, ಎಲ್ಲರೂ ತಪ್ಪಾಗಿ ಓದಿದೆವು. ಅದರಲ್ಲಿ ಹೆಚ್ಚಿನ ತಪ್ಪು ನನ್ನದು, ಏಕೆಂದರೆ ಥರ್ಮಾಮೀಟರ್ ಇದ್ದದ್ದು ನನ್ನ ಕೈಯಲ್ಲಿ.

ಅಜ್ಜಿಗೆ 74 ವರ್ಷವಾಗಿತ್ತು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬೀಡಿ ಕಟ್ಟಿದವರು. ಮಗ ಮಸ್ಕತ್ತಿನಲ್ಲಿ, ಮನೆಯಲ್ಲಿ ಸೊಸೆ ಮತ್ತು ಆರನೇ ಕ್ಲಾಸಿನ ಮೊಮ್ಮಗ. ಏಳು ವರ್ಷದ ಹಿಂದೆ ಯಾರೋ ಗೋಣಿಯಲ್ಲಿ ಕಟ್ಟಿ ರಸ್ತೆಬದಿ ಬಿಟ್ಟುಹೋದ ಮೂರು ಮರಿಗಳಲ್ಲಿ ಬದುಕಿ ಉಳಿದದ್ದು ಬೊಗ್ಗ ಒಂದೇ. ಬೀಡಿ ಕೊಟ್ಟು ಬರುವ ದಾರಿಯಲ್ಲಿ ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಅಂದಿನಿಂದ ಅದರ ದಿನವೆಲ್ಲ ಅಜ್ಜಿಯ ದಿನಕ್ಕೇ ಹೊಂದಿಕೊಂಡಿತ್ತು. ಬೆಳಿಗ್ಗೆ ಅವರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಲು ಕೂತರೆ, ಗೆರಸೆಯ ಅಂಚಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಮಲಗುವುದು. ಮಧ್ಯಾಹ್ನ ಅವರ ಬಟ್ಟಲಲ್ಲಿ ಕೊನೆಗೆ ಉಳಿಸಿದ ಒಂದು ತುತ್ತು ಕುಚ್ಚಲಕ್ಕಿ ಅನ್ನ, ಮೀನಿದ್ದ ದಿನ ಮುಳ್ಳು ತೆಗೆದ ಬಂಗುಡೆಯ ಚೂರು, ಅದೂ ಅಜ್ಜಿಯ ಕೈಯಿಂದಲೇ ಆಗಬೇಕು. ಮೂರೂವರೆಗೆ ಬೀಡಿಯ ಕಟ್ಟುಗಳು ಚೀಲಕ್ಕೆ ಬಿದ್ದ ಸದ್ದಾದರೆ ಬೊಗ್ಗ ಆಗಲೇ ಗೇಟಿನಲ್ಲಿ. ಬೀಡಿ ಕಂಪನಿಯ ಬ್ರಾಂಚಿಗೆ ಅರ್ಧ ಕಿಲೋಮೀಟರ್. ಅಲ್ಲಿ ಬೀಡಿ ನೋಡಿ, ಎಣಿಸಿ, ನಾಳೆಗೆ ಎಲೆ ತಂಬಾಕು ತೂಗಿ ಕೊಡುವವರೆಗೆ ಹೊರಗಿನ ಮಾಡಿನ ಕೆಳಗೆ ಕಾಯುವುದು.

ಜೂನ್ ತಿಂಗಳಲ್ಲಿ ಒಂದು ಬೆಳಗಿನ ಜಾವ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಐದನೆಯ ದಿನ ದೇಹ ಮನೆಗೆ ಬಂತು. ಜನ ಸೇರುತ್ತಾರೆಂದು ನಾಯಿಯನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಬಿಚ್ಚಿದ್ದು ಸಂಜೆ, ಎಲ್ಲ ಮುಗಿದ ಮೇಲೆ. ಬಿಚ್ಚಿದ್ದೇ ಚಾವಡಿಗೆ ಓಡಿ ಬಂದು, ದೇಹ ಮಲಗಿಸಿದ್ದ ಜಾಗವನ್ನು ಬಹಳ ಹೊತ್ತು ಮೂಸಿತಂತೆ.

ಮೊದಲ ಭೇಟಿ

ನಾನು ಹೋದದ್ದು ಬೊಜ್ಜ, ಅಂದರೆ ಅಜ್ಜಿಯ ಉತ್ತರಕ್ರಿಯೆ, ಕಳೆದು ಮೂರನೆಯ ದಿನ. ಮಳೆ ಹಿಡಿದು ಸುರಿಯುತ್ತಿತ್ತು. ವಿಡಿಯೋದಲ್ಲಿ ಕಂಡ ಜಾಗದಲ್ಲೇ, ಅದೇ ಭಂಗಿಯಲ್ಲಿ ಬೊಗ್ಗ ಮಲಗಿತ್ತು. ನನ್ನನ್ನು ಕಂಡು ಬೊಗಳಲಿಲ್ಲ. ಬಾಲದ ತುದಿ ಎರಡು ಸಲ ಆಡಿತು, ಅಷ್ಟೇ.

ಸೊಸೆ ಒಂದೊಂದಾಗಿ ಹೇಳಿದರು. ಬೊಜ್ಜದ ದಿನ ಅಜ್ಜಿಗೆಂದು ಬಡಿಸಿದ ಎಲೆಯಿಂದ ಒಂದು ಹಿಡಿ ತೆಗೆದು ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತು. ಆಗ ಅಲ್ಲಿದ್ದವರೆಲ್ಲ ಅತ್ತರು. ರಾತ್ರಿ ಮಲಗುವುದು ಅಜ್ಜಿಯ ಕೋಣೆಯ ಬಾಗಿಲಲ್ಲಿ. ಕಣ್ಣಲ್ಲಿ ನೀರು ನಿಲ್ಲುವುದೇ ಇಲ್ಲ. "ನಮಗಾದರೂ ಮಾತಾಡ್ಲಿಕ್ಕೆ ಆಗ್ತದೆ ಡಾಕ್ಟ್ರೇ, ಅವ ಯಾರ ಹತ್ರ ಹೇಳುದು?"

ನನ್ನ ಗಂಟಲೂ ಕಟ್ಟಿತು. ನನ್ನ ಅಜ್ಜಿಯೂ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವರು. ಆ ಜಗಲಿಯ ತಂಬಾಕಿನ ವಾಸನೆಗೆ ನಾನು ವೈದ್ಯನಾಗಿ ಅಲ್ಲ, ಮೊಮ್ಮಗನಾಗಿ ಕೂತುಬಿಟ್ಟೆ ಎಂದು ಈಗ ಅನ್ನಿಸುತ್ತದೆ. ತೂಕ 18 ಕಿಲೋ ಇತ್ತು. ಹಿಂದಿನ ವರ್ಷ ರೇಬೀಸ್ ಲಸಿಕೆಗೆ ತಂದಾಗ 21 ಇತ್ತು. ಜ್ವರ ನೋಡಿದೆ, 103.1 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5ರವರೆಗೆ ಸಹಜ. ಹೊಸಬರು ಹಿಡಿದಾಗ ಗಾಬರಿಗೆ ಅಷ್ಟು ಏರುವುದುಂಟು ಎಂದುಕೊಂಡೆ. ಆದರೆ ಈ ನಾಯಿ ಗಾಬರಿಯಾಗಿರಲೇ ಇಲ್ಲ, ಎಲ್ಲಿ ಮುಟ್ಟಿದರೂ ಸುಮ್ಮನೆ ಮುಟ್ಟಿಸಿಕೊಂಡಿತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣಿಗೆ ಟಾರ್ಚ್ ಬಿಡಲಿಲ್ಲ. ಅಳುವವರ ಕಣ್ಣಿಗೆ ಯಾರು ಟಾರ್ಚ್ ಬಿಡುತ್ತಾರೆ? ಹಸಿವಿಗೆ ಒಂದು ಸಿರಪ್ ಬರೆದು, ಹತ್ತು ದಿನ ನೋಡೋಣ ಎಂದೆ. ನನ್ನ ಡೈರಿಯಲ್ಲಿ ಆ ದಿನದ ಸಾಲು ಈಗಲೂ ಇದೆ: "ಅಗಲಿಕೆಯ ದುಃಖ."

ಆ ಮಾತು ಬುಡವಿಲ್ಲದ್ದೇನೂ ಆಗಿರಲಿಲ್ಲ. ಸಸ್ತನಿಗಳ ಮಿದುಳಿನ ಆಳದಲ್ಲಿ ಅಗಲಿಕೆಗೆಂದೇ ಒಂದು ಜಾಲ ಇದೆ ಎಂದು ತೋರಿಸಲು ಇಡೀ ವೃತ್ತಿಜೀವನ ಕೊಟ್ಟವರು ನರವಿಜ್ಞಾನಿ ಜಾಕ್ ಪ್ಯಾಂಕ್ಸೆಪ್. ತಾಯಿಯಿಂದ ದೂರವಾಗಿ ಕುಂಯ್‌ಗುಡುವ ನಾಯಿಮರಿಗೆ ತೀರ ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟರೆ ಆ ಕೂಗು ತಗ್ಗುತ್ತದೆ ಎಂದು ಅವರೂ ಅವರ ಜೊತೆಗಾರರೂ 1970ರ ದಶಕದಲ್ಲೇ ಕಂಡಿದ್ದರು. ಮೈನೋವನ್ನು ತಗ್ಗಿಸುವ ಅದೇ ಮದ್ದು ಅಗಲಿಕೆಯ ನೋವನ್ನೂ ತಗ್ಗಿಸುತ್ತದೆ. ಇಟಲಿಯಲ್ಲಿ ಕನಿಷ್ಠ ಎರಡು ನಾಯಿ ಸಾಕಿ ಒಂದನ್ನು ಕಳೆದುಕೊಂಡ 426 ಜನರನ್ನು ವಿಚಾರಿಸಿದ ಅಧ್ಯಯನ 2022ರಲ್ಲಿ ಬಂತು. ಉಳಿದ ನಾಯಿಯ ನಡವಳಿಕೆ ಬದಲಾಯಿತು ಎಂದವರು ಅವರಲ್ಲಿ ಶೇಕಡಾ 86. ಆಟ ಕಡಿಮೆಯಾಯಿತು, ನಿದ್ದೆ ಹೆಚ್ಚಾಯಿತು, ಊಟ ಇಳಿಯಿತು ಎಂದೆಲ್ಲ ಅವರು ಹೇಳಿದ್ದರು. ಬೊಗ್ಗನಲ್ಲಿ ಇವೆಲ್ಲವೂ ಇದ್ದವು. ಆದರೆ ಆಟ ಬಿಟ್ಟದ್ದು, ನಿದ್ದೆ ಹೆಚ್ಚಿದ್ದು, ಊಟ ಇಳಿದದ್ದು, ಇವು ಜ್ವರದ ಲಕ್ಷಣಗಳೂ ಹೌದು.

ಎರಡನೆಯ ಭೇಟಿ

ಒಂಬತ್ತನೆಯ ದಿನ ರಾತ್ರಿ ಫೋನ್ ಬಂತು. ಹುಡುಗ ಜಗಲಿಯಲ್ಲಿ ಬೊಗ್ಗನ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದ. ನಾಯಿ ಸೀನಿತು. ಬಿಳಿ ಹಾಳೆಯ ಮೇಲೆ ನಾಲ್ಕಾರು ಕೆಂಪು ಹನಿ ಬಿದ್ದವು.

ಆ ಮನೆಯ ಜಗಲಿಗೆ ಹಳೆಯ ಕೆಂಪು ನೆಲ, ಎಣ್ಣೆ ಹಾಕಿ ಉಜ್ಜಿದ ಹಾಗೆ ಹೊಳೆಯುವಂಥದ್ದು. ಮರುದಿನ ಬೆಳಿಗ್ಗೆ ಹೋಗಿ, ಬೊಗ್ಗ ಮಲಗುತ್ತಿದ್ದ ಮೂಲೆಯನ್ನು ಒದ್ದೆ ಹತ್ತಿಯಿಂದ ಒರೆಸಿದೆ. ಹತ್ತಿ ಕಂದಾಯಿತು. ಒಣಗಿದ ರಕ್ತ. ಎಷ್ಟು ದಿನದಿಂದ ಹನಿಯುತ್ತಿತ್ತೋ, ಕೆಂಪು ನೆಲದ ಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಟ್ಟೆ ಮೇಲೆ ಮಾಡಿ ಮಲಗಿಸಿದರೆ ತೊಡೆಯ ಸಂದಿಯ ತೆಳ್ಳಗಿನ ಚರ್ಮದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಒಸಡು ಬಿಳಿಚಿತ್ತು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿಗಳು. ಈ ಸಲ ಕಣ್ಣಿಗೆ ಟಾರ್ಚ್ ಬಿಟ್ಟೆ. ಎಡಗಣ್ಣಿನ ಒಳಗೆ ಮಂಜು ಕವಿದ ಹಾಗಿತ್ತು, ಬೆಳಕು ತಾಗಿದ ಕೂಡಲೇ ನಾಯಿ ರೆಪ್ಪೆ ಬಿಗಿದು ತಲೆ ಹಿಂದಕ್ಕೆ ಎಳೆದುಕೊಂಡಿತು. ಕಣ್ಣಿನ ಒಳಭಾಗದ ಉರಿಯೂತ. ತುಂಬ ನೋಯುತ್ತದೆ ಅದು.

ಎಲ್ಲರೂ ನೋಡಿ ಮರುಗಿದ ಆ ಕಣ್ಣೀರು ಇದರದ್ದು. ದುಃಖಕ್ಕೆ ಕೆನ್ನೆಯ ಮೇಲೆ ಹರಿಯುವ ಹಾಗೆ ಕಣ್ಣೀರು ಬರುವುದು ಮನುಷ್ಯರಿಗೆ. ಯಜಮಾನ ಮನೆಗೆ ಬಂದಾಗ ನಾಯಿಯ ಕಣ್ಣು ತುಸು ಹೆಚ್ಚು ತೇವವಾಗುತ್ತದೆ ಎಂದು ಜಪಾನಿನ ಸಂಶೋಧಕರು 2022ರಲ್ಲಿ ಅಳೆದು ತೋರಿಸಿದ್ದಾರೆ. ಅದು ಮತ್ತೆ ಸಿಕ್ಕ ಸಂತೋಷಕ್ಕೆ, ಅದೂ ಕಾಗದದ ಪಟ್ಟಿಯಿಟ್ಟು ಅಳೆದರೆ ತಿಳಿಯುವಷ್ಟು. ನಾಯಿಯ ಒಂದು ಕಣ್ಣಿನಿಂದ ನೀರು ಇಳಿಯುತ್ತಿದ್ದರೆ ಆ ಕಣ್ಣಿಗೆ ಏನೋ ಆಗಿದೆ ಎಂದೇ ಅರ್ಥ. ಕಾಲೇಜಿನಲ್ಲಿ ಕಲಿತ ಪಾಠ ಇದು. ಗೊತ್ತಿದ್ದೂ ಮೊದಲ ದಿನ ನನಗೆ ಕಾಣಲಿಲ್ಲ.

ರಕ್ತಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 38,000, ಆರೋಗ್ಯವಂತ ನಾಯಿಗೆ ಸುಮಾರು ಎರಡು ಲಕ್ಷದಿಂದ ಐದು ಲಕ್ಷ ಇರುತ್ತದೆ. ಹಿಮೋಗ್ಲೋಬಿನ್ 8.4, ಅದೂ ಕಡಿಮೆಯೇ. ಎರ್ಲಿಕಿಯಾ ಪಾಸಿಟಿವ್. ನಮ್ಮಲ್ಲಿ ಎಲ್ಲರೂ ಉಣ್ಣಿ ಜ್ವರ ಎನ್ನುವ ಕಾಯಿಲೆ. ಕಂದು ಉಣ್ಣಿಯ ಕಚ್ಚುವಿಕೆಯಿಂದ ಒಳಹೋಗುವ ಈ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳಲ್ಲಿ ಮನೆ ಮಾಡುತ್ತದೆ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಮೊದಲು ಕಂಡದ್ದು, ಈಗ ಕರಾವಳಿಯ ಸೆಕೆಯಲ್ಲಿ ವರ್ಷವಿಡೀ ನಮ್ಮ ಕ್ಲಿನಿಕ್ಕುಗಳಿಗೆ ಬರುತ್ತಲೇ ಇರುತ್ತದೆ.

ಉಣ್ಣಿ ಇಷ್ಟೊಂದು ಹೇಗೆ ಎಂದು ಕೇಳಿದೆ. ಸೊಸೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅತ್ತೆ ಹೆಕ್ಕುತ್ತಿದ್ದರು. ಭಾನುವಾರ ಬ್ರಾಂಚಿಗೆ ರಜೆ ಅಲ್ವಾ, ತೆಂಗಿನ ಗೆರಟೆಯಲ್ಲಿ ಸೀಮೆಎಣ್ಣೆ ಇಟ್ಕೊಂಡು ಕೂತು ಒಂದೊಂದೇ ಹೆಕ್ಕಿ ಹಾಕುತ್ತಿದ್ದರು." ಅವರು ಬಿದ್ದ ಮೇಲೆ ಆಸ್ಪತ್ರೆ, ಸಾವು, ಬೊಜ್ಜ, ನೆಂಟರು. ನಾಯಿಯ ಮೈಮೇಲೆ ಯಾರೂ ಕೈಯಾಡಿಸಿರಲಿಲ್ಲ. ರೋಗಾಣು ಒಳಹೊಕ್ಕು ಲಕ್ಷಣ ಕಾಣಲು 8ರಿಂದ 20 ದಿನ ಬೇಕು, ಎಷ್ಟೋ ನಾಯಿಗಳಲ್ಲಿ ತಿಂಗಳುಗಟ್ಟಲೆ ಅಡಗಿಯೂ ಇರುತ್ತದೆ. ಹಾಗಾಗಿ ಅಜ್ಜಿ ಇದ್ದಾಗಲೇ ತಗಲಿರಬಹುದು. ನೀವು ನೋಡಿಕೊಳ್ಳದೆ ಬಂತು ಎಂದು ತಿಳಿಯಬೇಡಿ ಎಂದು ಆಕೆಗೆ ಎರಡೆರಡು ಸಲ ಹೇಳಿದೆ.

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು, ಅನ್ನದ ಜೊತೆ, 28 ದಿನ. ಕಣ್ಣಿಗೆ ಹನಿಮದ್ದು. ಮೂರನೆಯ ದಿನ ಬೆಳಿಗ್ಗೆ ಗಂಜಿಯ ಬಟ್ಟಲು ನೆಕ್ಕಿ ಖಾಲಿ ಮಾಡಿತು. ಹತ್ತನೆಯ ದಿನಕ್ಕೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿತ್ತು, ಕಣ್ಣು ತಿಳಿಯಾಗಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ದುಃಖ ಎಂದದ್ದೆಲ್ಲ ನಮ್ಮ ಕಲ್ಪನೆ, ನಾಯಿಗೆ ಇದ್ದದ್ದು ಜ್ವರ. ಡೈರಿಯಲ್ಲಿ ಹಳೆಯ ಸಾಲನ್ನು ಹೊಡೆದೂ ಹಾಕಿದೆ.

ಜ್ವರ ಇಳಿದ ಮೇಲೆ

ಹನ್ನೆರಡನೆಯ ದಿನ ಸೊಸೆಯ ಫೋನ್, ದನಿಯಲ್ಲಿ ಖುಷಿ. "ಬೊಗ್ಗ ಈಗ ಓಡಾಡ್ತಾನೆ ಡಾಕ್ಟ್ರೇ. ಮೂರೂವರೆ ಆಯ್ತೆಂದರೆ ಬ್ರಾಂಚಿಗೆ ಒಬ್ಬನೇ ಹೋಗಿ ಬರ್ತಾನೆ, ಮೊದಲಿನ ಹಾಗೆಯೇ."

ಮೊದಲಿನ ಹಾಗೆ ಎಂಬ ಮಾತು ನನಗೆ ಸರಿಬರಲಿಲ್ಲ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ದೂರದಿಂದ ಹಿಂಬಾಲಿಸಿದೆ. ಬೊಗ್ಗ ನೇರ ಬ್ರಾಂಚಿಗೆ ಹೋಯಿತು. ಬಾಗಿಲಲ್ಲಿ ನಿಂತು ಒಳಗೆ ಕೂತ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿತು, ನೋಡಿದ್ದಕ್ಕಿಂತ ಹೆಚ್ಚಾಗಿ ಮೂಸಿತು, ಮೂಗನ್ನು ಗಾಳಿಗೆ ಎತ್ತಿ ಎತ್ತಿ. ಆಮೇಲೆ ಮಾಡಿನ ಕೆಳಗೆ ಬಂದು ಕೂತಿತು, ಮಲಗಲಿಲ್ಲ. ಯಾರೇ ಹೊರಗೆ ಬಂದರೂ ಎದ್ದು ನಿಲ್ಲುವುದು, ಕಿವಿ ಮುಂದಕ್ಕೆ, ಬಾಲ ಒಂದು ಸಲ ಏಳುವುದು, ಅವರು ದಾಟಿ ಹೋದ ಮೇಲೆ ಇಳಿಯುವುದು. ನಲವತ್ತು ನಿಮಿಷದಲ್ಲಿ ಇದನ್ನು ಹನ್ನೊಂದು ಸಲ ಎಣಿಸಿದೆ. ನಡುವೆ ಗಂಟಲ ಒಳಗೇ ಸಣ್ಣಗೆ ಕುಂಯ್ ಎನ್ನುವ ಸದ್ದು, ಪಕ್ಕದಲ್ಲಿದ್ದರಷ್ಟೇ ಕೇಳುವಂಥದ್ದು. ಬ್ರಾಂಚಿನ ಬಾಗಿಲು ಹಾಕಿದ ಮೇಲೆ ಎದ್ದು ಮನೆಗೆ ಹೋಯಿತು.

ಆವತ್ತು ನನಗೆ ಈ ಪ್ರಕರಣ ತಿರುಗಿ ನಿಂತ ಹಾಗಾಯಿತು. ದುಃಖ ಎಂದು ನಾವು ನೋಡಿದ್ದು ಜ್ವರವನ್ನು. ಈಗ ಚೇತರಿಕೆ ಎಂದು ಸಂತೋಷಪಡುತ್ತಿರುವುದೇ ದುಃಖ. ಅಗಲಿದವರನ್ನು ಹುಡುಕಲು ಕಾಲಲ್ಲಿ ಬಲ ಬೇಕು, ಮೂಗಿಗೆ ಹುರುಪು ಬೇಕು. ಅಷ್ಟು ದಿನ ಬೊಗ್ಗನಿಗೆ ಅದೂ ಇರಲಿಲ್ಲ. ಮದ್ದು ಕೊಟ್ಟು ಮೈಯನ್ನು ಏಳಿಸಿದ ಮೇಲೆಯೇ ಅದು ಹುಡುಕಲು ಹೊರಟದ್ದು. ಅಗಲಿಕೆಯ ಮೊದಲ ಹಂತ ಹುಡುಕಾಟ ಮತ್ತು ಕೂಗು, ಸುಮ್ಮನಾಗುವುದು ಅದರ ನಂತರ. ಪ್ಯಾಂಕ್ಸೆಪ್ ಅವರನ್ನು ಓದಿಕೊಂಡಿದ್ದ ನಾನು ಜಗಲಿಯ ಮೇಲೆ ಸುಮ್ಮನೆ ಬಿದ್ದಿದ್ದ ನಾಯಿಯನ್ನು ಕಂಡಾಗಲೇ ಇಲ್ಲಿ ಹುಡುಕಾಟ ಎಲ್ಲಿ ಎಂದು ಕೇಳಿಕೊಳ್ಳಬೇಕಿತ್ತು.

ಇಲ್ಲಿ ಹಚಿಕೋ ನೆನಪಾಗುತ್ತದೆ. ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ ಕಾದ ನಾಯಿ. ಯಜಮಾನ ಪ್ರೊಫೆಸರ್ ಉಯೆನೋ ತೀರಿಕೊಂಡದ್ದು 1925ರ ಮೇ ತಿಂಗಳಲ್ಲಿ, ನಾಯಿ ಸತ್ತದ್ದು 1935ರ ಮಾರ್ಚ್ 8ರಂದು. ಹೆಚ್ಚಿನವರಿಗೆ ಗೊತ್ತಿರುವ ಕಥೆ ಇಷ್ಟು. ಸತ್ತ ಮೇಲೆ ಕೊಯ್ದು ನೋಡಿದಾಗ ಅದರ ಹೃದಯದಲ್ಲಿ ಹುಳುಗಳಿದ್ದವು. ಕಾದಿಟ್ಟ ಅಂಗಗಳನ್ನು ಟೋಕಿಯೋ ವಿಶ್ವವಿದ್ಯಾಲಯದವರು ಮತ್ತೆ ಪರೀಕ್ಷಿಸಿ, ಹೃದಯ ಮತ್ತು ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತೆಂದು 2011ರಲ್ಲಿ ತಿಳಿಸಿದರು. ಕಾದದ್ದೂ ನಿಜ, ಕಾಯಿಲೆಯೂ ನಿಜ. ಒಂದನ್ನು ಕಂಡ ಕಣ್ಣಿಗೆ ಇನ್ನೊಂದು ಕಾಣದೆ ಹೋಗುವುದನ್ನು ನಾನು ಆ ಜಗಲಿಯಲ್ಲಿ ಎರಡು ಸಲ ಅನುಭವಿಸಿದೆ.

ಹುಡುಗನದ್ದು ಬೇರೆಯೇ ಸಂಕಟವಾಗಿತ್ತು. ಅಮ್ಮ ಒಳಗೆ ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಜ್ಜಿ ಬೀಳುವಾಗ ಬೊಗ್ಗ ಅಡ್ಡ ಬಂದದ್ದಂತೆ, ಹೌದಾ? ಅದಕ್ಕೇ ಅವ ತಲೆ ತಗ್ಗಿಸಿ ಕೂರುದಾ?" ಬೊಜ್ಜಕ್ಕೆ ಬಂದ ನೆಂಟರಲ್ಲಿ ಯಾರೋ ಹಾಗೆಂದು ನಾಯಿಗೆ ಗದರಿ ಚಪ್ಪಲಿ ಎತ್ತಿದ್ದರಂತೆ. ನಾಯಿ ಕಿವಿ ಹಿಂದೆ ಮಾಡಿ ನೆಲಕ್ಕೆ ಅಂಟಿಕೊಂಡಿತ್ತು. ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು ಎಂದು ಸುತ್ತ ಇದ್ದವರು ಮಾತಾಡಿಕೊಂಡಿದ್ದರು. ಅಜ್ಜಿ ಬಿದ್ದಾಗ ನಾಯಿ ಅಂಗಳದಲ್ಲಿತ್ತು, ಸೊಸೆ ಕಣ್ಣಾರೆ ಕಂಡಿದ್ದರು. ಅದನ್ನು ಹುಡುಗನಿಗೆ ಯಾರೂ ಹೇಳಿರಲಿಲ್ಲ. ನಾಯಿಯ ಆ ಮುಖದ ಬಗ್ಗೆ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ 2009ರಲ್ಲಿ ಮಾಡಿದ ಪ್ರಯೋಗವನ್ನು ಅವನಿಗೆ ಕಥೆಯ ಹಾಗೆ ಹೇಳಿದೆ. ತಿಂಡಿ ಕದ್ದ ನಾಯಿಯೂ ಕದಿಯದ ನಾಯಿಯೂ ಯಜಮಾನ ಗದರಿದರೆ ಒಂದೇ ಹಾಗೆ ಮುಖ ಮಾಡುತ್ತವೆ. ಅದು ತಪ್ಪೊಪ್ಪಿಗೆಯಲ್ಲ, ಹೆದರಿಕೆ. ಹುಡುಗ ಹೋಗಿ ಬೊಗ್ಗನನ್ನು ಗಟ್ಟಿಯಾಗಿ ತಬ್ಬಿಕೊಂಡ. ಬೊಗ್ಗ ಮುಖ ಆಚೆ ತಿರುಗಿಸಿ, ಮೂಗು ನೆಕ್ಕಿಕೊಂಡು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರಿತು. ಅದಕ್ಕೆ ಇಷ್ಟವಾಗುತ್ತಿಲ್ಲ, ನಿನ್ನ ಮೇಲಿನ ಪ್ರೀತಿಗೆ ಸಹಿಸುತ್ತಿದೆ ಎಂದೆ. ಕುತ್ತಿಗೆಯ ಬದಿಯಲ್ಲಿ ಮೂರು ಎಣಿಸುವಷ್ಟು ಹೊತ್ತು ತುರಿಸಿ ಕೈ ತೆಗೆಯಲು ಹೇಳಿಕೊಟ್ಟೆ. ಕೈ ತೆಗೆದಾಗ ನಾಯಿ ತಾನೇ ಒತ್ತಿಕೊಂಡು ಬಂದರೆ ಮತ್ತೆ ತುರಿಸಬಹುದು. ಮೊದಲ ಎರಡು ಸಲ ಬೊಗ್ಗ ಸುಮ್ಮನಿತ್ತು. ಮೂರನೆಯ ಸಲ ತಲೆಯನ್ನು ಹುಡುಗನ ಮೊಣಕಾಲಿಗೆ ಒರಗಿಸಿತು.

ನಾಯಿಯನ್ನು ಕಟ್ಟಿ ಹಾಕಬೇಕೇ ಎಂದು ಸೊಸೆ ಕೇಳಿದರು. ರಸ್ತೆಯಲ್ಲಿ ಬಸ್ಸು ಓಡಾಡುತ್ತದೆ, ಅವರ ಹೆದರಿಕೆ ನ್ಯಾಯವೇ. ಕಟ್ಟಿದರೆ ಹುಡುಕಾಟ ನಿಲ್ಲುವುದಿಲ್ಲ, ಸಂಕಟ ಹೆಚ್ಚುತ್ತದೆ. ಅದನ್ನು ಒಬ್ಬನೇ ಕಳಿಸುವ ಬದಲು ಜೊತೆಗೆ ಯಾರಾದರೂ ಹೋಗಲು ಆಗುತ್ತದೆಯೇ ಎಂದೆ. ಆಕೆ ಅಟ್ಟದ ಕಡೆ ನೋಡಿದರು. ಅಜ್ಜಿಯ ಗೆರಸೆ, ಕತ್ತರಿಗಳನ್ನು ಬೊಜ್ಜದ ಮರುದಿನ ಅಲ್ಲಿಗೆ ಎತ್ತಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ತಾನೂ ಬೀಡಿ ಕಟ್ಟುತ್ತಿದ್ದೆ, ಮಗು ಹುಟ್ಟಿದ ಮೇಲೆ ಬಿಟ್ಟೆ ಎಂದರು. ಗಂಡ ಬೊಜ್ಜ ಮುಗಿಸಿ ಮಸ್ಕತ್ತಿಗೆ ಮರಳಿದ್ದರು. ರಾತ್ರಿ ಅಡುಗೆಕೋಣೆಯಲ್ಲಿ ಕೂತು ಅಳುವುದು, ಆಗೆಲ್ಲ ಬೊಗ್ಗ ಬಾಗಿಲಲ್ಲಿ ಬಂದು ನಿಲ್ಲುವುದು, ಇದನ್ನೆಲ್ಲ ಆಕೆ ಹೇಳಿದ್ದು ಅಂದೇ ಮೊದಲು. ಸ್ವೀಡನ್ನಿನಲ್ಲಿ ನಾಯಿ ಮತ್ತು ಒಡತಿಯರ ಕೂದಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಷ್ಟಿದೆ ಎಂದು ಅಳೆದು 2019ರಲ್ಲಿ ಪ್ರಕಟಿಸಿದರು. ತಿಂಗಳುಗಟ್ಟಲೆಯ ಏರಿಳಿತ ಇಬ್ಬರಲ್ಲೂ ಹೊಂದಿಕೊಂಡು ಹೋಗುತ್ತಿತ್ತು. ಮನೆ ದುಃಖದಲ್ಲಿರುವಾಗ ನಾಯಿಯೊಂದನ್ನೇ ಬೇರ್ಪಡಿಸಿ ಸಮಾಧಾನ ಮಾಡಲಾಗದು ಎಂದು ನನಗೆ ಅನ್ನಿಸಿದ್ದು ಆಗ.

ಮರುವಾರ ಆಕೆ ಗೆರಸೆ ಕೆಳಗಿಳಿಸಿದರು. ತೊಳೆಯಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಬೊಗ್ಗ ಬಂದು ಅದರ ಅಂಚನ್ನು ಸುತ್ತ ಮೂಸಿತು, ಒಂದು ಜಾಗದಲ್ಲಿ ಮೂಗು ಊರಿ ಕಣ್ಣು ಮುಚ್ಚಿ ನಿಂತಿತು. ಅಜ್ಜಿಯ ಬಲಗೈ ಹೆಬ್ಬೆರಳು ದಿನವೂ ಹಿಡಿಯುತ್ತಿದ್ದ ಜಾಗ ಎಂದರು ಸೊಸೆ. ಬಿದಿರು ಅಲ್ಲಿ ಕಪ್ಪಗೆ ನುಣುಪಾಗಿತ್ತು. (ತಂಬಾಕು ನಾಯಿಯ ಹೊಟ್ಟೆಗೆ ಹೋದರೆ ವಿಷ. ಹುಡಿಯನ್ನು ಡಬ್ಬದಲ್ಲಿ ಮುಚ್ಚಿಡಲು ಹೇಳಿದೆ.) ಮಧ್ಯಾಹ್ನದ ಕೊನೆಯ ತುತ್ತನ್ನು ಈಗ ಹುಡುಗ ಕೊಡುತ್ತಾನೆ, ಶಾಲೆ ಇರುವ ದಿನ ಸಂಜೆ ಬಂದ ಮೇಲೆ. ಭಾನುವಾರ ಉಣ್ಣಿ ಹೆಕ್ಕುವ ಕೆಲಸವೂ ಅವನದ್ದೇ, ತಿಂಗಳಿಗೊಮ್ಮೆ ಉಣ್ಣಿಯ ಮಾತ್ರೆಯನ್ನೂ ಕೊಡುತ್ತಾರೆ.

ಬ್ರಾಂಚಿನಲ್ಲಿ ಎದ್ದು ನಿಲ್ಲುವುದನ್ನು ಎಣಿಸಿ ಬರೆಯಲು ಸೊಸೆಗೆ ಹೇಳಿದ್ದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆಕೆ ದಿನವೂ ಬರೆದರು. ಮೊದಲ ವಾರ ಒಂಬತ್ತು, ಹತ್ತು, ಎಂಟು. ಮೂರನೆಯ ವಾರ ಐದಕ್ಕೆ ಇಳಿಯಿತು. ಚೌತಿಯ ಹೊತ್ತಿಗೆ ಮನೆ ತುಂಬ ನೆಂಟರು ಬಂದು ಮತ್ತೆ ಹನ್ನೆರಡಕ್ಕೆ ಏರಿತು, ಮತ್ತೆ ನಿಧಾನಕ್ಕೆ ಇಳಿಯಿತು. ನವರಾತ್ರಿ ಕಳೆದ ಮೇಲೆ ಸೊನ್ನೆ, ಒಂದು, ಸೊನ್ನೆ. ಈಗ ಮಾಡಿನ ಕೆಳಗೆ ಮಲಗಿ ಕಾಯುತ್ತದೆ. ಸೊಸೆ ಹೊರಗೆ ಬಂದಾಗ ಏಳುತ್ತದೆ.

ಭಾನುವಾರ ಬ್ರಾಂಚಿಗೆ ರಜೆ. ಅಂದು ಮಾತ್ರ ಮೂರೂವರೆಗೆ ಬೊಗ್ಗ ಒಬ್ಬನೇ ಹೋಗಿ, ಮುಚ್ಚಿದ ಬಾಗಿಲ ಮುಂದೆ ಹತ್ತು ನಿಮಿಷ ಕೂತು ಬರುತ್ತದೆ. ಭಾನುವಾರ ಆ ರಸ್ತೆಯಲ್ಲಿ ಬಸ್ಸು ಕಡಿಮೆ. ಆದರೂ ಅದನ್ನು ತಪ್ಪಿಸಬೇಕೇ ಎಂದು ಸೊಸೆ ಕಳೆದ ತಿಂಗಳು ಕೇಳಿದರು. ಬೇಡ ಎಂದೆ.